ಒಲೆ ಬೇರೆ, ಮನೆ ಬೇರೆ

ಧರ್ಮೇಶನನ್ನು ಹೊರಗಿಡಬೇಕು ಎಂದು ಹಳ್ಳದಮ್ಮನ ಗುಡಿಯ ಮುಂದೆ ಮೊದಲು ಬಾಯಿ ತೆಗೆದವಳು ಅವನ ದೊಡ್ಡಮ್ಮ ವಿಮಲಮ್ಮನೇ. ಗಂಡ ಸತ್ತ ಮೇಲೆ ತನ್ನ ಮನೆಯ ಪರವಾಗಿ ಗುಡಿಯ ಕೂಟಕ್ಕೆ ತಾನೇ ಹೋಗುತ್ತಿದ್ದಳು. ಅವಳ ಬಾಯಿಗೆ ಬಾಳೂರಿನ ಬಾಡಿಗೆ ಜೀಪಿನವರೂ ಹೆದರುತ್ತಿದ್ದರು.

"ಕಾಫಿ ಹರವೋ ಗೋರೆಯಲ್ಲಿ ಹೆಂಡ್ತಿ ಕೈ ಮುರಿದವನಿಗೆ ಅಮ್ಮನ ತೀರ್ಥ ಬೇರೆ ಕೇಡು! ಅವನಿಗೆ ಕೊಟ್ಟ ಕೈಯಲ್ಲಿ ನನಗೆ ಕೊಡಬೇಡಿ ಪುಟ್ಟಸ್ವಾಮಣ್ಣ."

ಮೊಕ್ತೇಸರ ಪುಟ್ಟಸ್ವಾಮಿ ಮೆತ್ತಗಿನ ಮನುಷ್ಯ. "ಕುಡಿದಾಗ ಮಾಡಿದ್ದು ವಿಮಲಕ್ಕ. ಬುದ್ಧಿ ಹೇಳೋಣ."

"ಕುಡಿದಾಗ ನಿಮ್ಮ ತಲೆ ಯಾಕೆ ಸಿಗೋದಿಲ್ಲ ಅವನಿಗೆ? ಹೆಂಡ್ತಿ ಕೈನೇ ಯಾಕೆ ಸಿಗ್ತದೆ?"

ಇಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಪೊಲೀಸರ ಹತ್ತಿರ ಹೋಗಲು ಅವನ ಹೆಂಡತಿ ರಂಜಿತಾ ಒಪ್ಪಿರಲಿಲ್ಲ. ಹಾಗೆಂದು ಸುಮ್ಮನಿರುವುದಕ್ಕೂ ಊರಿಗೆ ಮುಖವಿರಲಿಲ್ಲ. ಧರ್ಮೇಶನ ಮನೆಯನ್ನು ಹೊರಗಿಟ್ಟಾಯಿತು. ಗುಡಿಯ ಪ್ರಸಾದದಲ್ಲಿ ಆ ಮನೆಗೆ ಪಾಲಿಲ್ಲ. ಆ ಮನೆಯ ಹೊಸಿಲು ಯಾರೂ ತುಳಿಯುವಂತಿಲ್ಲ. ಕಾಫಿ ಕೊಯ್ಲಿಗೆ ಒಬ್ಬರ ತೋಟಕ್ಕೆ ಒಬ್ಬರು ಹೋಗುವ ಮುಯ್ಯಾಳೂ ಇಲ್ಲ. ವಿಮಲಮ್ಮ ಗೆದ್ದ ಖುಷಿಯಲ್ಲಿ ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದಳು.

ತಾನು ಎಡವಿದ್ದೆಲ್ಲಿ ಎಂದು ತಿಳಿಯಲು ಅವಳಿಗೆ ಬಹಳ ದಿನ ಹಿಡಿಯಲಿಲ್ಲ. ಹಣ್ಣು ಕೆಂಪಾಗಿ ಗಿಡಗಳು ಬಾಗಿ ನಿಂತಿದ್ದವು. ಎಲ್ಲರ ತೋಟದಲ್ಲೂ ಆಳುಗಳ ಗಲಾಟೆ. ಧರ್ಮೇಶನ ತೋಟದಲ್ಲಿ ಮಾತ್ರ ರಂಜಿತಾ ಒಬ್ಬಳೇ, ಎಡಗೈಗೆ ಪ್ಲಾಸ್ಟರು, ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಬಲಗೈಯಲ್ಲಿ ಕೊಯ್ಯುತ್ತಿದ್ದಳು. ಮಗಳು ರಕ್ಷಾ ಉದುರಿದ ಹಣ್ಣು ಆರಿಸುತ್ತಿದ್ದಳು. ವಿಮಲಮ್ಮ ಬೇಲಿಯ ಈಚೆ ನಿಂತಳು. ಆಚೆ ಕಾಲಿಡುವಂತಿರಲಿಲ್ಲ.

"ಅವನೆಲ್ಲೇ?"

"ಬಣಕಲ್ಲಿಗೆ ಹೋಗಿದಾರೆ, ಬೈಕಲ್ಲಿ. ಅಲ್ಲಿ ಟೀ ಕುಡಿದು, ಇಸ್ಪೀಟು ಆಡಿ ಬರ್ತಾರೆ. ಅಲ್ಲಿ ಹಳ್ಳದಮ್ಮ ಯಾರಿಗೆ ಗೊತ್ತು ಅತ್ತೆ?" ರಂಜಿತಾ ಕೊಯ್ಯುವುದನ್ನು ನಿಲ್ಲಿಸಲಿಲ್ಲ. "ಹೊಡೆದೋರು ಅವರು. ಹೊರಗಿರೋದು ನಾನು, ಮಗು. ನಿನ್ನೆ ಮೇಲಿನ ಮನೆ ಮಕ್ಕಳು ಆಡ್ಲಿಕ್ಕೂ ಕರೀಲಿಲ್ಲ ಇವಳನ್ನ."

"ಬಾ, ನನ್ನ ಮನೇಲಿ ಇರು."

"ಈ ಮನೆಯವಳು ನಿಮ್ಮನೆಗೆ ಬಂದ್ರೆ ನಿಮ್ಮನ್ನೂ ಹೊರಗಿಡ್ತಾರೆ. ನೀವೇ ಮಾಡ್ಸಿದ ತೀರ್ಮಾನ ಅಲ್ವಾ?"

ಚುಚ್ಚಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಅದಕ್ಕೇ ವಿಮಲಮ್ಮನಿಗೆ ಮೈಯೆಲ್ಲ ಉರಿಯಿತು. ನೇರ ಪುಟ್ಟಸ್ವಾಮಿಯ ಕಣಕ್ಕೆ ಹೋದಳು. ಅವನು ಕಾಲಲ್ಲಿ ಕಾಫಿ ಕೆದಕುತ್ತಿದ್ದ.

"ಹೊರಗಿಡಿ ಅಂದಿದ್ದು ಅವನನ್ನ. ಅವಳನ್ನಲ್ಲ."

"ಅಮ್ಮ ಲೆಕ್ಕ ಇಡೋದು ಮನೆನ ವಿಮಲಕ್ಕ, ಆಳನ್ನಲ್ಲ. ಮನೆಗೊಂದು ಪಾಲು, ಮನೆಗೊಂದು ಮಾತು. ಅರ್ಧ ಮನೆ ಹೊರಗೆ, ಅರ್ಧ ಒಳಗೆ ಅಂತ ಎಲ್ಲಿ ಮಾಡ್ಲಿ?"

"ನಮ್ಮನೆಯೋರೂ ಅವರ ತಮ್ಮನೂ ಪಾಲಾದಾಗ ನಿಮ್ಮಪ್ಪ ಎಂಥ ಮಾಡಿದ್ರು? ಜಮೀನಿನ ಕಾಗದ ಆಗಿರ್ಲಿಲ್ಲ. ಎರಡು ಒಲೆ ಹೊತ್ತಿದ್ದು ನೋಡಿ ಎರಡು ಪಾಲು ಕೊಟ್ರು. ಒಲೆ ಬೇರೆ ಆದ್ರೆ ಮನೆ ಬೇರೆ ಅಂದ್ರು."

"ಅದು ಅಣ್ಣತಮ್ಮಂದಿರಿಗೆ ಮಾರಾಯ್ತಿ! ಗಂಡ ಹೆಂಡ್ತಿಗೆ ಒಲೆ ಬೇರೆ ಅಂತ ಎಲ್ಲಾದ್ರೂ ಉಂಟಾ?"

"ನಾಳೆಯಿಂದ ಉಂಟು."

ವಿಮಲಮ್ಮನ ಕಣದ ಪಕ್ಕ ಗೊಬ್ಬರದ ಚೀಲ ಇಡುತ್ತಿದ್ದ ತಗಡಿನ ಕೋಣೆಯೊಂದಿತ್ತು. ಮರುದಿನ ಅದನ್ನು ಗುಡಿಸಿ, ಮೂರು ಕಲ್ಲು ಹೂಡಿ ರಂಜಿತಾ ಅನ್ನಕ್ಕಿಟ್ಟಳು. ಉಪ್ಪು ಕೂಡ ವಿಮಲಮ್ಮನ ಮನೆಯಿಂದ ತರಲಿಲ್ಲ. ಆಮೇಲೆ ಯಾರೂ ಕೊಂಕು ತೆಗೆಯಬಾರದು ನೋಡಿ. ಪುಟ್ಟಸ್ವಾಮಿ ಬಂದು, ಹೊಗೆ ನೋಡಿ, ತಲೆ ಕೆರೆದುಕೊಂಡು ಹೋದ. ಶುಕ್ರವಾರ ಪ್ರಸಾದ ಹಂಚುವಾಗ ಎಲ್ಲ ಮನೆಯ ಯಜಮಾನರ ಹೆಸರು ಕೂಗಿ, ಕೊನೆಗೆ ಒಮ್ಮೆ ಕೆಮ್ಮಿ, "ರಂಜಿತನ ಮನೆ" ಎಂದ.

ಅಂದಿನಿಂದ ರಕ್ಷಾ ಮಕ್ಕಳ ಜೊತೆ ಆಡಿದಳು. ರಂಜಿತಾ ಮುಯ್ಯಾಳುಗಳ ಜೊತೆ ಊರಿನ ತೋಟಗಳಿಗೆಲ್ಲ ಹೋಗಿ ಒಂದೇ ಕೈಯಲ್ಲಿ ಕೊಯ್ದಳು. ಧರ್ಮೇಶನ ತೋಟಕ್ಕೆ ಹೋಗುವವರೇ ಇರಲಿಲ್ಲ. ಅವನು ಒಂದು ಸಂಜೆ ತಗಡಿನ ಕೋಣೆಯ ಮುಂದೆ ಬೈಕು ನಿಲ್ಲಿಸಿ ಕೂಗಾಡಿದ. ವಿಮಲಮ್ಮ ಕತ್ತಿ ಹಿಡಿದು ಹೊರಗೆ ಬಂದಳು. ಅವನು ಬೈಕು ಹತ್ತಿದ. ಕೊಯ್ಲಿನ ನಡುವೆ ಆಲ್ದೂರಿನವರೆಗೆ ಹುಡುಕಿದರೂ ಕೂಲಿಯಾಳು ಸಿಗಲಿಲ್ಲ. ಹಣ್ಣು ಗಿಡದಲ್ಲೇ ಕಪ್ಪಾಗಿ ಒಣಗಿತು, ಮಿಕ್ಕದ್ದು ಉದುರಿತು. ಹೊರಗಿರುವುದೆಂದರೆ ಏನು ಎಂದು ಅವನಿಗೆ ಆಗ ಗೊತ್ತಾಯಿತು.

ಕೊಯ್ಲು ಮುಗಿದ ಮೇಲೆ ಅವನು ತಪ್ಪುಕಾಣಿಕೆ ಹಿಡಿದು ಗುಡಿಗೆ ಬಂದ. ಗಡ್ಡ ತೆಗೆಸಿದ್ದ, ಸೊರಗಿದ್ದ. ಕುಡಿತ ಬಿಟ್ಟಿದ್ದೇನೆ ಎಂದ. ಅಲ್ಲಿಯ ಪದ್ಧತಿ ಹೀಗೆ: ತಪ್ಪು ಮಾಡಿದವನು ಮೆಟ್ಟಿಲ ಮೇಲೆ ತೆಂಗಿನಕಾಯಿ ಇಡುತ್ತಾನೆ. ಒಂದೊಂದು ಮನೆಯವರೂ 'ಆಗ್ಲಿ' ಎನ್ನಬೇಕು. ಎಲ್ಲ ಮನೆಯವರೂ ಹಾಗೆಂದರೆ ಮೊಕ್ತೇಸರ ಕಾಯಿ ಒಡೆಯುತ್ತಾನೆ, ಅವನು ಒಳಗೆ ಬಂದ ಹಾಗೆ.

ಒಬ್ಬೊಬ್ಬರೇ 'ಆಗ್ಲಿ' ಅಂದರು. ಹೇಳಲು ಅವರಿಗೇನು ಕಷ್ಟ? ಅವರ ಕೈ ಮುರಿದಿರಲಿಲ್ಲ. ವಿಮಲಮ್ಮನ ಸರದಿ ಬಂತು. ತಾನು ಎತ್ತಿ ಆಡಿಸಿದ ಹುಡುಗ ಹಾಗೆ ತಲೆ ತಗ್ಗಿಸಿ ನಿಂತದ್ದನ್ನು ಅವಳಿಗೂ ನೋಡಲಾಗಲಿಲ್ಲ. "ಆಗ್ಲಿ" ಎಂದಳು. ಪುಟ್ಟಸ್ವಾಮಿ ಕಾಯಿಗೆ ಕೈ ಹಾಕಿದ.

"ನಮ್ಮನೆ ಇನ್ನೂ ಹೇಳಿಲ್ಲ."

ಹಿಂದೆ ಕಂಬದ ಹತ್ತಿರ ಕೂತಿದ್ದ ರಂಜಿತಾ ಎಂದಳು. ಯಾರೋ, "ಯಾವ ಮನೆ ಮಾರಾಯ್ತಿ? ಆ ತಗಡಿನದ್ದಾ?" ಎಂದು ನಗಾಡಿದರು. ಪುಟ್ಟಸ್ವಾಮಿ ನಗಲಿಲ್ಲ. ಪಾಲು ಕೊಟ್ಟವನು ಅವನೇ.

"ಹೇಳಮ್ಮ."

"ಕೈ ಇನ್ನೂ ಪೂರಾ ಮಡಚಲಿಕ್ಕೆ ಬರೋದಿಲ್ಲ," ಎಂದಳು ರಂಜಿತಾ. "ಬಂದ ಮೇಲೆ ಕೇಳಿ. ಆಗಲೂ ಏನು ಹೇಳ್ತೀನೋ ಗೊತ್ತಿಲ್ಲ."

ಊರೆಲ್ಲ ಒಪ್ಪಿದ್ದನ್ನು ತಗಡಿನ ಕೋಣೆಯೊಂದು ತಡೆದು ನಿಲ್ಲಿಸಿತ್ತು. ವಿಮಲಮ್ಮನಿಗೆ ಸಿಟ್ಟು ಬಂತು. ತಾನು 'ಆಗ್ಲಿ' ಅಂದ ಮೇಲೂ ಇವಳು ಇಲ್ಲ ಅನ್ನುತ್ತಾಳಲ್ಲ! ಬೈಗುಳ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಏನೆಂದು ಬೈಯುವುದು?

ಪುಟ್ಟಸ್ವಾಮಿ ಕಾಯಿಯನ್ನು ಎತ್ತಿ ಧರ್ಮೇಶನ ಕೈಗೆ ವಾಪಸು ಕೊಟ್ಟ. ಧರ್ಮೇಶ ಇತ್ತ ತಿರುಗಿದ.

"ದೊಡ್ಡಮ್ಮಾ, ನೀವಾದ್ರೂ ಒಂದು ಮಾತು ಹೇಳಿ ಅವಳಿಗೆ."

"ನನ್ನ ಮನೆ ಮಾತು ಹೇಳಿ ಆಯ್ತಲ್ಲ," ಎಂದಳು ವಿಮಲಮ್ಮ. "ಅವಳದ್ದು ಬೇರೆ ಮನೆ."