ಬಾಳೆಹೂವಿಗೆ ಮಜ್ಜಿಗೆ

ಕಪ್ಪಾಗುತ್ತಿದೆ, ನೋಡನೋಡುತ್ತಲೇ ಕಪ್ಪಾಗುತ್ತಿದೆ, ಹೆಚ್ಚಿದ ಬಾಳೆಹೂವನ್ನು ಮಜ್ಜಿಗೆ ನೀರಿಗೆ ಹಾಕಲು ಮರೆತು ಕೂತೆನಲ್ಲ, ಅಗೋ ಸಯನ್ ಸ್ಟೇಶನ್ನಿಗೆ ಲೋಕಲ್ ರೈಲು ಬಂದ ಸದ್ದು, ಇನ್ನೇನು ಹರಿಣಿ ಬಂದಾಳು — ನನ್ನ ಮಗಳು, ವಿಲೆ ಪಾರ್ಲೆಯ ಲ್ಯಾಬಿನಲ್ಲಿ ದಿನವಿಡೀ ಹೆಂಗಸರ ಹಾರ್ಮೋನನ್ನು ಗಾಜಿನ ಕೊಳವೆಯಲ್ಲಿಟ್ಟು ಕಾಯುವವಳು, ಮನೆಯಲ್ಲಿ ಮಾತ್ರ ಹಾಲು ಉಕ್ಕಿದರೂ ಕಾಣದವಳು, ಹೋದ ತಿಂಗಳು ಇಲ್ಲೇ ಕೂತು ಇದೇ ಕಪ್ಪನ್ನು ತೋರಿಸಿದ್ದಳು, ಅಮ್ಮ, ನನ್ನ ಲ್ಯಾಬಿನ ಕೆಲಸ ಕೂಡ ಇದೇ, ಈಸ್ಟ್ರೋಜನ್ ಮೈಯಲ್ಲಿ ತುಂಡಾಗ್ತದಲ್ಲ, ಆ ಪೀಸಿಗೆ ಆಕ್ಸಿಜನ್ ಹಿಡಿದ್ರೆ ಸೇಮ್ ಹೀಗೆ, ಮತ್ತೆ ವಾಪಸ್ ಮೊದಲಿನ ಹಾಗೆ, ಮತ್ತೆ ಹೀಗೆ, ಹೋಗಿ ಬಂದು ಮಾಡುವಾಗ ಫ್ರೀ ರ್ಯಾಡಿಕಲ್ ಅಂತ ಒಂದು ಹುಟ್ತದೆ, ಡಿಎನ್‌ಎಗೆ ಹೊಡೀತದೆ — ಎಲ್ಲಿ ಹೊಡೆಯುವುದು ಮಾರಾಯ್ತಿ ಎಂದೆ — ಎದೆಯಲ್ಲಿ ಸಹ, ಆದ್ರೆ ಬಾಡಿ ಸುಮ್ನೆ ಕೂರೂದಿಲ್ಲ ಅಮ್ಮ, ರಿಪೇರಿ ಮಾಡ್ತಾನೇ ಇರ್ತದೆ — ಅವಳ ತಡವರಿಸುವ ಕನ್ನಡ ಕೇಳಲೆಂದೇ ಇನ್ನೊಮ್ಮೆ ಹೇಳಿಸಿದ್ದೆ, ಮುದ್ದು ಬರುತ್ತದೆ ನನಗೆ, ಆಮೇಲೆ ಒಂದು ದಿನ ಸ್ನಾನ ಮಾಡುವಾಗ ಬೆರಳಿಗೆ ಸಿಕ್ಕಿತು, ಎಡ ಮೊಲೆಯ ಬದಿಗೆ, ಬಟಾಣಿಯಷ್ಟು, ನೋವಿಲ್ಲ, ರಾತ್ರಿ ಹೋಟೆಲ್ ಮುಚ್ಚಿ ಬಂದ ಇವರಿಗೂ ಹೇಳಲಿಲ್ಲ, ಮಜ್ಜಿಗೆ ಕುಡಿಯತೊಡಗಿದೆ, ಬಾಳೆಹೂವನ್ನು ಕಪ್ಪಾಗದ ಹಾಗೆ ಕಾಯುವುದು ನನ್ನನ್ನು ಕೈಬಿಟ್ಟೀತೇ, ಬೆಳಿಗ್ಗೆ ಕುಡಿದೆ, ಊಟಕ್ಕೆ ಕುಡಿದೆ, ನೆಗಡಿಯಾದರೂ ಬಿಡಲಿಲ್ಲ, ಬೆರಳು ಮಾತ್ರ ದಿನವೂ ಅಲ್ಲಿಗೇ ಹೋಗುತ್ತದೆ, ಬಟಾಣಿ ಬಟಾಣಿಯಾಗಿಯೇ ಇದೆ — ಹರಿಣಿಗೆ ಹೇಳಬೇಕು, ಹೇಳಿದರೆ ಅಮ್ಮನೆಂದು ನೋಡುವುದು ಬಿಟ್ಟು ಕೊಳವೆಯನ್ನು ನೋಡುವ ಹಾಗೆ ನೋಡಿಯಾಳು, ಅದೇ ಹೆದರಿಕೆ ನನಗೆ, ಬಂದಳು, ಚಪ್ಪಲಿ ಒಂದು ಅಲ್ಲಿ ಒಂದು ಇಲ್ಲಿ, ಫ್ರಿಜ್ ತೆಗೆದವಳೇ ನಗು, ಇಷ್ಟು ಮಜ್ಜಿಗೆ ಯಾಕಮ್ಮ, ಪಪ್ಪನ ಹೋಟೆಲ್ ಇಲ್ಲಿಗೆ ಶಿಫ್ಟ್ ಆಯ್ತಾ, ನೀನು ಹೇಳಿದೆಯಲ್ಲ ಒಳಗೆ ಕಪ್ಪಾಗ್ತದೆ ಅಂತ, ಅದಕ್ಕೆ ಕುಡಿಯುವುದು ಎಂದುಬಿಟ್ಟೆ, ಅರೇ ಅಮ್ಮ, ಅದು ಪೇಟ್‌ಗೆ ಹೋಗ್ತದೆ, ಹೊಟ್ಟೆಗೆ, ಅಲ್ಲಿಗೆಲ್ಲ ಹೋಗೂದಿಲ್ಲ, ಲ್ಯಾಬಲ್ಲಿ ಹೇಳಿದ್ರೆ ಎಲ್ರೂ ನಗ್ತಾರೆ, ನಗಲಿ, ಎಷ್ಟು ಚಂದ ನಗುತ್ತಾಳೆ ನನ್ನ ಕೂಸು, ಆ ನಗು ಇರುವಾಗಲೇ ಅವಳ ಕೈ ಹಿಡಿದು ಎಳೆದೆ, ನೈಟಿಯ ಮೇಲೆಯೇ ಎದೆಯ ಎಡಕ್ಕೆ ಇಟ್ಟೆ, ಇಲ್ಲಿ ಎಂತ ಉಂಟು ನೋಡು ಮಗಾ, ಎಂತ ಉಂಟು ಅಮ್ಮ ಎನ್ನುತ್ತಾಳೆ, ನಗು ಇನ್ನೂ ಬಾಯಲ್ಲೇ, ಅವಳ ಬೆರಳು ಸರಿಯುತ್ತದೆ, ಮೆತ್ತಗೆ, ಸ್ವಲ್ಪ ಬದಿಗೆ, ಇನ್ನು ಸ್ವಲ್ಪ, ಬಟಾಣಿಯ ಮೇಲೆ ಬಂದು ನಿಲ್ಲುತ್ತದೆ, ಏನಾದರೂ ಹೇಳು ಮಗಾ ಎನ್ನಬೇಕು, ಬೆರಳು, ಅಲ್ಲೇ, ನಿಂತ ಬೆರಳು —