ಸಾಸಿವೆ ಕಟ್ಟಿದ ತಂತಿ

ಭಾವನ ನರ್ಸರಿಯಲ್ಲಿ ಸಸಿ ಕೊಂಡವರು ಬೈಸಿಕೊಳ್ಳದೆ ಹೊರಗೆ ಹೋದದ್ದನ್ನು ನಾನು ಕಂಡಿಲ್ಲ. "ಈ ಹೆಸರಿನ ಪಟ್ಟಿ ಇದೆಯಲ್ಲ, ಇದರ ತಂತೀನ ವರ್ಷದೊಳಗೆ ಬಿಚ್ಚಿಬಿಡಿ. ಕಾಂಡ ದಪ್ಪ ಆಗುತ್ತೆ, ತಂತಿ ದೊಡ್ಡದಾಗಲ್ಲ. ಗಿಡದ ಕುತ್ತಿಗೆ ಹಿಸುಕಿದ ಹಾಗಾಗುತ್ತೆ," ಎಂದು ಗೇಟಿನವರೆಗೂ ಬೆನ್ನುಹತ್ತಿ ಹೇಳುತ್ತಿದ್ದರು.

ಅಂಥವರ ಹಿತ್ತಲಲ್ಲೇ ಒಂದು ಕಿತ್ತಳೆ ಗಿಡ ವರ್ಷಗಟ್ಟಲೆ ತಂತಿ ಬಿಗಿಸಿಕೊಂಡು ನಿಂತಿತ್ತು. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಹಾಗೆ. ಆದರೆ ಇದನ್ನು ನಗುತ್ತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆ ತಂತಿ ಕಟ್ಟಿದ್ದು ಅಕ್ಕನ ಮಗಳು. ಅವಳನ್ನು ಸಾಸಿವೆ ಎಂದು ಕರೆಯುತ್ತಿದ್ದವನು ನಾನೇ. ಸಾಸಿವೆಯಷ್ಟೇ ಇದ್ದಳು, ಹಾಗೇ ಸಿಡಿಯುತ್ತಿದ್ದಳು. ಅಪ್ಪ ಕಸಿ ಕಟ್ಟಿಕೊಟ್ಟ ಗಿಡವನ್ನು ತಾನೇ ಗುಂಡಿ ತೋಡಿ ನೆಟ್ಟಳು. ತಳಿಯ ಹೆಸರು ಬರೆಯಬೇಕಾದ ತಗಡಿನ ಪಟ್ಟಿಯ ಮೇಲೆ ಮೊಳೆಯಿಂದ ಗೀರಿ ತನ್ನ ಹೆಸರು ಬರೆದಳು. ಕಟ್ಟಿದ್ದೂ ಸರಿಯಾಗಿ ಎರಡು ಗಿಡ ಬೆಸೆದ ಕಸಿಯ ಗಂಟಿನ ಮೇಲೆ. "ಇಲ್ಲಿ ಗಾಯ ಆಗಿದೆಯಲ್ಲ ಮಾಮ, ಬ್ಯಾಂಡೇಜು," ಅಂದಳು. ನಾಲಿಗೆ ಕಚ್ಚಿಕೊಂಡು ಇಕ್ಕಳದಿಂದ ತಂತಿ ತಿರುಚಿದಳು. ಮುಂದಿನ ಮಳೆಗಾಲವನ್ನು ಅವಳು ನೋಡಲಿಲ್ಲ. ಜ್ವರ ಬಂತು, ಆಸ್ಪತ್ರೆಗೆ ಹೋದಳು, ಮನೆಗೆ ಬರಲಿಲ್ಲ.

ಅವಳು ತಿರುಚಿದ್ದನ್ನು ಬಿಚ್ಚುವ ಕೈ ಮನೆಯಲ್ಲಿ ಯಾರಿಗಿತ್ತು? ಅಕ್ಕ ಹೊಲಿಗೆಯವಳು. ಗಿಡಗಳ ಗೊಡವೆ ಅವಳಿಗೆ ಇದೊಂದರ ಮಟ್ಟಿಗೆ. ದಿನಾ ಬೆಳಗ್ಗೆ ಒದ್ದೆ ಬಟ್ಟೆಯಿಂದ ಪಟ್ಟಿ ಒರೆಸುವಳು. ಭಾವ ಇಕ್ಕಳವನ್ನು ಜೇಬಿಗೆ ಹಾಕಿಕೊಂಡು ಗಿಡದ ಹತ್ತಿರ ಹೋಗುವರು, ನಾಲ್ಕು ಹುಲ್ಲು ಕಿತ್ತು ವಾಪಸು ಬರುವರು.

ಈ ಬೇಸಿಗೆಯಲ್ಲಿ ತುದಿಯ ಎಲೆಗಳು ಹಳದಿಯಾಗಿ ಮುದುಡಿದವು. ಅಕ್ಕ ಕೊಡಗಟ್ಟಲೆ ನೀರು ಸುರಿದಳು, ಗೊಬ್ಬರ ಹಾಕಿದಳು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

"ಬುಡ ಒದ್ದೆ ಇದೆ, ಎಲೆ ಯಾಕೋ ಒಣಗುತ್ತೆ?" ಎಂದು ನನ್ನನ್ನು ಕೇಳಿದಳು. ನಾನು ಭಾವನ ಮುಖ ನೋಡಿದೆ.

"ನೀರು ಬುಡದಲ್ಲೇ ಇದೆ, ಮೇಲಕ್ಕೆ ಹೋಗ್ತಿಲ್ಲ," ಅಂದರು ಅವರು, ನೆಲ ನೋಡುತ್ತ. "ನೀರು, ಮಣ್ಣಿನ ಸಾರ ಎಲ್ಲಾ ಹತ್ತೋದು ತೊಗಟೆ ಒಳಗಿರೋ ಎಳೇ ಮರದಲ್ಲಿ. ಕೂದಲೆಳೆಯಂಥ ಕೊಳವೆ ಇರ್ತವೆ ಅಲ್ಲಿ. ಎಲೆ ಮಾಡಿದ ಊಟ ಬೇರಿಗೆ ಇಳಿಯೋದು ತೊಗಟೇಲಿ. ತಂತಿ ಎರಡನ್ನೂ ಹಿಸುಕಿಬಿಟ್ಟಿದೆ."

"ನಿಮಗೆ ಗೊತ್ತಿತ್ತಾ?"

"ಕಂಡಕಂಡವರಿಗೆಲ್ಲ ಹೇಳೋನು ನಾನು. ಗೊತ್ತಿರಲ್ವಾ?"

ಅಕ್ಕ ಒಳಗಿನಿಂದ ಇಕ್ಕಳ ತಂದು ಅವರ ಕೈಗಿಟ್ಟಳು.

ತಂತಿ ತೊಗಟೆಯೊಳಗೆ ಹೂತುಹೋಗಿತ್ತು. ಪಟ್ಟಿಯ ಅರ್ಧವನ್ನೂ ಮರ ನುಂಗಿತ್ತು. ದಿನವೂ ಒರೆಸುತ್ತಿದ್ದ ಅಕ್ಕನಿಗೆ, ಮರ ಮಗಳನ್ನು ಮಡಿಲಿಗೆ ಎಳೆದುಕೊಳ್ಳುತ್ತಿದೆ ಅನ್ನಿಸುತ್ತಿತ್ತಂತೆ. ಅದನ್ನು ಕೇಳಿ ನನಗೆ ಅಳು ತಡೆಯಲಾಗಲಿಲ್ಲ.

ಭಾವ ತಂತಿಯನ್ನು ಚೂರುಚೂರಾಗಿ ಕಿತ್ತರು. ಅದೇ ಗಿಡದ ಕಡ್ಡಿಗಳನ್ನು ಚೂಪು ಮಾಡಿ, ಒಂದು ತುದಿ ಗಾಯದ ಕೆಳಗೆ, ಇನ್ನೊಂದು ಮೇಲೆ ತೊಗಟೆಯೊಳಗೆ ಸಿಕ್ಕಿಸಿ, ಮೇಣ ಮೆತ್ತಿದರು. ಕಡ್ಡಿ ಮರಕ್ಕೆ ಬೆಸೆದುಕೊಂಡರೆ ಅದರೊಳಗಿಂದ ನೀರು ಗಾಯ ದಾಟುತ್ತದೆ. ಹೀಗೆ ಎಷ್ಟೋ ಮರ ಉಳಿಸಿದ ಕೈ ಅದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಕಡ್ಡಿಗಳು ಒಂದೊಂದಾಗಿ ಕಪ್ಪಾದವು, ಎಲೆ ಪೂರ್ತಿ ಉದುರಿತು. ಕೊನೆಗೆ ಭಾವ ಗಂಟಿನ ಕೆಳಗೆ ಗರಗಸ ಇಟ್ಟರು. ಮರ ಬೀಳದಂತೆ ಅಕ್ಕ ತಬ್ಬಿ ಹಿಡಿದಿದ್ದಳು.

ಮಳೆ ಬಿದ್ದ ಮೇಲೆ ಮೋಟಿನ ಪಕ್ಕ ಒಂದು ಚಿಗುರು ಎದ್ದಿತು. ಅಕ್ಕ ಮತ್ತೆ ಕೊಡ ಹಿಡಿದಳು. ಆದರೆ ಕಸಿಯ ಗಂಟಿನ ಕೆಳಗೆ ಚಿಗುರುವುದು ಕಿತ್ತಳೆಯಲ್ಲ, ಅದಕ್ಕೆ ಬೇರು ಕೊಟ್ಟ ಕಾಡು ಜಾತಿಯ ಗಿಡ. ಉದ್ದುದ್ದ ಮುಳ್ಳು, ಬಾಯಿಗಿಡಲಾಗದ ಕಾಯಿ. ಭಾವ ಈ ಸಲವೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಒಂದು ಸಲ ಮುಚ್ಚಿಟ್ಟಿದ್ದು ಸಾಲದೇ ಎಂದು ಸಿಟ್ಟು ಬಂದು ನಾನೇ ಹೇಳಿದೆ.

"ಅಕ್ಕ, ಇದು ಅದಲ್ಲ ಕಣೇ. ಕಿತ್ತಳೆ ಇದ್ದದ್ದು ಗಂಟಿನ ಮೇಲೆ. ಅದು ಹೋಯ್ತು."

"ಗೊತ್ತು ಕಣೋ. ಮುಳ್ಳು ಚುಚ್ಚಿದ ದಿನವೇ ಗೊತ್ತಾಯ್ತು." ಬೆರಳು ತೋರಿಸಿದಳು. "ಆದ್ರೆ ಅವಳು ಮಣ್ಣಲ್ಲಿಟ್ಟಿದ್ದು ಬೇರನ್ನ ತಾನೇ? ಮೊದಲ ನೀರು ಕುಡಿಸಿದ್ದೂ ಇದಕ್ಕೇ."

ಭಾವ ನಮ್ಮ ಹಿಂದೆ ಬಂದು ನಿಂತಿದ್ದರು. ಕೈಯಲ್ಲಿ ಮರದಿಂದ ಬಿಡಿಸಿ ಉಜ್ಜಿ ತೊಳೆದ ಪಟ್ಟಿ, ಒಂದು ತುಂಡು ಹೊಸ ತಂತಿ. "ಕಟ್ಟಲಾ?" ಅಂದರು. "ಸಡಿಲವಾಗಿ ಕಟ್ತೀನಿ."

ಅಕ್ಕ ಪಟ್ಟಿಯನ್ನು ಮಾತ್ರ ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದಳು.

"ಬೇಡ ರೀ. ಇದಾದರೂ ದಪ್ಪ ಆಗಲಿ," ಎಂದು ಕೊಡ ಬಗ್ಗಿಸಿದಳು.