ಏರಿ ಮೇಲಿನ ಹುಲ್ಲು

ಅತ್ತೆ ಅನುಸೂಯಮ್ಮನ ಹೆಣಕ್ಕೆ ನೀರು ಹುಯ್ಯುತ್ತಾ ಅವರ ಎಡಗೈ ಎತ್ತಿದ ಶಾಮಲಾ ಚೊಂಬು ಹಿಡಿದು ಹಾಗೇ ನಿಂತುಬಿಟ್ಟಳು. ಕಂಕುಳಲ್ಲಿ ಬೀಡಿ ಚುಚ್ಚಿ ಆರಿಸಿದಂಥ ಕಪ್ಪು ಹಕ್ಕಳೆ.

"ಕಾಮಾಲೆಗೆ ಬರೆ ಹಾಕಿಸ್ಕೊಂಡವ್ಳೆ ಬಿಡವ್ವ," ಎಂದರು ಪಕ್ಕದ ಮನೆಯ ಅಮ್ಮಯಮ್ಮ.

"ಬರೆ ಮುಂಗೈಗೆ ಹಾಕ್ತಾರೆ ದೊಡ್ಡಮ್ಮ. ಕಂಕುಳಿಗೆ ಯಾರು ಹಾಕ್ತಾರೆ?"

ಶಾಮಲಾ ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ಆಶಾ ಕಾರ್ಯಕರ್ತೆ. ತರಬೇತಿಯಲ್ಲಿ ಇಂಥದ್ದೇ ಕಲೆಯ ಫೋಟೋ ನೋಡಿದ್ದಳು. ಅತ್ತೆಗೆ ಐದು ದಿನ ಜ್ವರದ ಮಾತ್ರೆ ಕೊಟ್ಟವಳೂ ಅವಳೇ. ರವಿಕೆ ಬಿಚ್ಚಿಸಿ ನೋಡಲು ಮಾತ್ರ ನಾಚಿದ್ದಳು.

*

ಅನುಸೂಯಮ್ಮ ದಿನಾ ಗಂಡನ ಜೊತೆ ಕೆರೆ ಏರಿ ಮೇಲೆ ಹುಲ್ಲು ಕೊಯ್ದು, ಅಲ್ಲೇ ಕೂತು ಎಲೆ ಅಡಿಕೆ ಹಾಕಿಕೊಂಡು ಬರುತ್ತಿದ್ದರು. ಬಂದವರೇ ಹಸುವಿನ ಕಿವಿ ಮಡಿಚಿ ಒಂದೊಂದೇ ಉಣ್ಣೆಹುಳ ಕಿತ್ತು ಕೆಂಡಕ್ಕೆ ಹಾಕುವರು.

"ನಿಮ್ಮ ಮೈಯೂ ಒಂಚೂರು ನೋಡ್ಕೊಳ್ಳಿ ಅತ್ತೆ," ಎಂದರೆ ನಗುವರು.

"ನಂಗೇನು ಬಾಯಿಲ್ವಾ? ನೋವಾದ್ರೆ ಹೇಳ್ತೀನಿ ಬಿಡು."

ಪುಣ್ಯಾತ್ಗಿತ್ತಿ, ಒಂದು ದಿನಕ್ಕೂ ಹೇಳಲಿಲ್ಲ.

*

ಜಗಲಿಯ ಮೇಲೆ ಮಾವ ಅಪ್ಪಯ್ಯಣ್ಣ ಕಂಬಳಿ ಹೊದ್ದು ನಡುಗುತ್ತಿದ್ದರು. ಮೂರು ದಿನದ ಜ್ವರ. ಹೆಂಡತಿ ಹಾಸಿಗೆ ಹಿಡಿದ ದಿಗಿಲಿಗೆ ಬಂದದ್ದು ಎಂದು ಊರೆಲ್ಲ ಅಂದುಕೊಂಡಿತ್ತು.

"ರೀ, ಮಾವನ ಉಡಿದಾರ ಸರಿಸಿ ನೋಡಿ," ಎಂದಳು ಶಾಮಲಾ, ಗಂಡ ಮುನಿರಾಜ್‌ಗೆ.

ಅವನು ನೋಡಿ ಬೆಚ್ಚಿದ. "ಇಲ್ಲೂ ಕಪ್ಪಗೈತಲ್ಲೇ!"

"ನುಸಿ ಕಚ್ಚಿರೋದು. ಅತ್ತೆಗೂ ಇದ್ರಿಂದ್ಲೇ ಜ್ವರ ಬಂದಿದ್ದು. ಇಲಿ ಮೈಯಿಂದ ಹುಲ್ಲಿಗೆ ಬರುತ್ತೆ, ಹುಲ್ಲಲ್ಲಿ ಕೂತೋರಿಗೆ ಹತ್ತುತ್ತೆ. ಕಣ್ಣಿಗೂ ಕಾಣಲ್ಲ. ಇವತ್ತೇ ಔಷಧಿ ಬಿದ್ರೆ ಉಳೀತಾರೆ. ಏಳಿ ಮಾವ, ಆಸ್ಪತ್ರೆಗೆ."

"ಅವಳಿಗೆ ಮಣ್ಣು ಹಾಕ್ದೆ ಎಲ್ಲಿಗೂ ಬರಾಕಿಲ್ಲ."

ಊರ ಹಿರಿಯ ವೆಂಕಟರಾಯಪ್ಪ ಹೌದೆಂದು ತಲೆಯಾಡಿಸಿದರು. "ಗಂಡ ಇಲ್ದೆ ಮಣ್ಣು ಮಾಡಾದು ಹೆಂಗವ್ವ? ಹೊತ್ತು ಬೇರೆ ಮೀರ್ತಾ ಐತೆ."

"ಹಂಗಾದ್ರೆ ಸಂಜೆಗಿರ್ಲಿ. ಅತ್ತೆ ಕಾಯ್ತಾರೆ, ಜ್ವರ ಕಾಯಲ್ಲ. ಮಾವನ್ನ ನಾನೇ ವಾಪಸ್ ಕರ್ಕೊಂಡ್ಬರ್ತೀನಿ."

ಅಪ್ಪಯ್ಯಣ್ಣ ಕಂಬಳಿ ಸರಿಸಿ ಎದ್ದರು. ಮುನಿರಾಜ್ ಆಟೊ ತರಲು ಓಡಿದ.

ದೊಡ್ಡಬಳ್ಳಾಪುರದಲ್ಲಿ ಡಾಕ್ಟರು ಹಕ್ಕಳೆ ನೋಡಿ, "ಸರಿಯಾದ ಹೊತ್ತಿಗೆ ಕರ್ಕೊಂಡ್ಬಂದ್ರಿ," ಎಂದರು. ಶಾಮಲಾಗೆ ಆಗ ಅಳು ಬಂತು. ಅತ್ತೆಯನ್ನೂ ಹೀಗೇ ಕರೆತಂದಿದ್ದರೆ!

ಡ್ರಿಪ್ ಹಾಕಲು ನರ್ಸ್ ಅಪ್ಪಯ್ಯಣ್ಣನ ಬಲಗೈ ಹಿಡಿದಳು. ಅವರು ಸರಕ್ಕನೆ ಎಳೆದುಕೊಂಡರು.

"ಈ ಕೈ ಬ್ಯಾಡ ಕಣವ್ವ. ಸಂಜೆ ಇದ್ರಲ್ಲೇ ಮಣ್ಣು ಹಾಕ್ಬೇಕು."

ಬಲಗೈಯನ್ನು ಎದೆಗೆ ಒತ್ತಿಕೊಂಡು ಎಡಗೈ ಚಾಚಿದರು.